ಗಾಡಿಯ ಅಡಿಭಾಗದ ತುಕ್ಕು ಮತ್ತೆ ಮತ್ತೆ ಬರುತ್ತಿದ್ದರೆ: ಮೂಲ ಹುಡುಕುವುದು, ತೆಗೆಯುವುದು, ಮುಚ್ಚುವುದು

ಹಳೆಯ ಆಫ್‌ರೋಡ್ ಗಾಡಿಯ ಅಡಿಗೆ ಕಪ್ಪು ಬಣ್ಣ ಬಳಿಸಿರುತ್ತೀರಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಕಂದು ಕಲೆ ಎದ್ದು ಬರುತ್ತದೆ. ಆಗ ಹೆಚ್ಚಿನವರು ಬಣ್ಣ ಸರಿಯಿಲ್ಲ ಎಂದುಕೊಂಡು ಇನ್ನೂ ದುಬಾರಿ ಡಬ್ಬಿ ತರುತ್ತಾರೆ. ಬಹಳ ಸಲ ಬಣ್ಣದ ತಪ್ಪು ಏನೂ ಇರುವುದಿಲ್ಲ. ನೀರು ಎಲ್ಲಿಂದ ಬರುತ್ತಿದೆ, ಎಲ್ಲಿ ನಿಲ್ಲುತ್ತಿದೆ ಎಂದು ಯಾರೂ ನೋಡಿರುವುದಿಲ್ಲ, ಅಷ್ಟೆ. ಅದನ್ನು ನೋಡದೆ ಮಾಡಿದ ಯಾವ ರಿಪೇರಿಯೂ ನಿಲ್ಲುವುದಿಲ್ಲ. ಹಾಗಾಗಿ ಇಲ್ಲಿ ಬಣ್ಣದ ಮಾತು ಕೊನೆಯ ಹೊತ್ತಿಗೆ ಬರುತ್ತದೆ.

ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ತುಕ್ಕು. ಉಪ್ಪು ಸೇರಿದರೆ ವೇಗ ಜಾಸ್ತಿ, ಏಕೆಂದರೆ ಉಪ್ಪುನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ತುಕ್ಕು ಹಿಡಿಯುವುದಕ್ಕೆ ಅದೇ ಬೇಕು. ಸಮುದ್ರದ ದಂಡೆಯಲ್ಲಿ ಓಡಿಸಿದ ಗಾಡಿ, ಹಿಮ ಕರಗಿಸಲು ಉಪ್ಪು ಎರಚಿದ ರಸ್ತೆಯಲ್ಲಿ ಓಡಿದ ಗಾಡಿ ಎರಡೂ ಇದೇ ಕಾರಣಕ್ಕೆ ಬೇಗ ಹಾಳಾಗುತ್ತವೆ. ಇನ್ನೊಂದು ವಿಷಯ. ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಉಬ್ಬುತ್ತದೆ. ಎರಡು ತಗಡಿನ ಬೆಸುಗೆಯ ನಡುವೆ ತುಕ್ಕು ಹುಟ್ಟಿದರೆ ಅದು ತಗಡುಗಳನ್ನೇ ದೂರ ತಳ್ಳುತ್ತದೆ. ದಪ್ಪ ದಪ್ಪ ಚಕ್ಕೆ ನೋಡಿ ಗಾಬರಿಯಾಗಬೇಡಿ, ಅಷ್ಟು ಕಬ್ಬಿಣ ಹೋಗಿದೆ ಎಂದು ಅರ್ಥವಲ್ಲ. ಚೊಕ್ಕವಾಗಿ ಕಾಣುವ ಕಡೆ ನೆಮ್ಮದಿಯಾಗಿ ಕೂರಲೂ ಬೇಡಿ.

ಕೆಳಗೆ ಇಳಿಯುವ ಮೊದಲು

ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಹೋಗಲೇಬೇಡಿ. ಗಟ್ಟಿ, ಮಟ್ಟವಾದ ನೆಲ ಇರಲಿ. ಚಕ್ರಗಳಿಗೆ ಅಡ್ಡ ಕೊಡಿ. ತೂಕ ತಾಳುವ ಸ್ಟ್ಯಾಂಡ್ ಮೇಲೆ ಗಾಡಿ ಕೂರಿಸಿ. ತುಕ್ಕು ಹಿಡಿದ ಗಾಡಿಯಲ್ಲಿ ಜಾಕ್ ಕೊಡುವ ಜಾಗವೇ ಒಳಗೆ ಟೊಳ್ಳಾಗಿರಬಹುದು. ಗಾಡಿಯ ಭಾರ ಹೊರುವ ಉಕ್ಕಿನ ಚೌಕಟ್ಟು ಅಂದರೆ ಚಾಸಿ, ಅದರ ಗಟ್ಟಿತನ ಪರೀಕ್ಷೆ ಆಗುವ ತನಕ ಸ್ಟ್ಯಾಂಡನ್ನು ಆಕ್ಸಲ್ ಕೆಳಗೆ ಕೊಡುವುದೇ ಕ್ಷೇಮ. ತಂತಿ ಬ್ರಷ್ ಹಾಕಿದ ಗ್ರೈಂಡರ್ ಹಿಡಿದರೆ ಪೂರ್ತಿ ಮುಖ ಮುಚ್ಚುವ ಶೀಲ್ಡ್ ಬೇಕು. ಕಿತ್ತು ಬರುವ ತಂತಿ ಚೂರು ಸೂಜಿಯ ಹಾಗೆ ಚುಚ್ಚುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಆದ್ದರಿಂದ ಧೂಳಿಗೆ ಸರಿಯಾದ ಮಾಸ್ಕ್ ಬೇಕು. ಬಾಯಿಗೆ ಕರ್ಚೀಫ್ ಕಟ್ಟಿದರೆ ಸಾಲದು.

ತುಕ್ಕು ಎಲ್ಲಿ ಅಡಗಿರುತ್ತದೆ

ಕಣ್ಣಿಗೆ ಬೀಳುವ ಅಗಲವಾದ ಮೇಲ್ಮೈಗಳಲ್ಲಿ ತುಕ್ಕು ಇದ್ದರೆ ಅದು ಸಾಮಾನ್ಯವಾಗಿ ಮೇಲುಮೇಲಿನದು. ಗಾಡಿಯನ್ನು ಕೊಲ್ಲುವ ತುಕ್ಕು ಕೆಸರು ಕೂತು ಒದ್ದೆಯಾಗಿ ಉಳಿಯುವ ಮೂಲೆಗಳಲ್ಲಿರುತ್ತದೆ. ಹಿಂದಿನ ಕ್ರಾಸ್ ಮೆಂಬರ್ (ಚಾಸಿಯ ಎರಡು ಬದಿಗಳನ್ನು ಅಡ್ಡಲಾಗಿ ಜೋಡಿಸುವ ತೊಲೆ), ಸ್ಪ್ರಿಂಗ್ ಕಟ್ಟುವ ಹ್ಯಾಂಗರ್‌ಗಳ ಸುತ್ತ, ಬಾಡಿ ಕೂರುವ ಬ್ರಾಕೆಟ್‌ಗಳ ಮೇಲ್ಭಾಗ, ಇಂಧನ ಟ್ಯಾಂಕಿನ ಮೇಲುಗಡೆ ಮತ್ತು ಅದರ ಪಟ್ಟಿಗಳು, ಹಿಂದಿನ ಚಕ್ರದ ಮೇಲೆ ಚಾಸಿ ಕಮಾನಿನಂತೆ ಏರಿ ಇಳಿಯುವ ಜಾಗ. ಇವನ್ನು ಮೊದಲು ನೋಡಿ. ಬ್ರಾಕೆಟ್‌ನ ಮೇಲ್ಭಾಗ ಕೆಳಗೆ ಮಲಗಿದವರಿಗೆ ಕಾಣುವುದೇ ಇಲ್ಲ. ಸಣ್ಣ ಕನ್ನಡಿ ಮತ್ತು ಟಾರ್ಚ್ ಬೇಕೇ ಬೇಕು.

ಚಾಸಿ ಎರಡು ಬಗೆ. ಒಂದು ಬದಿ ತೆರೆದ ತೊಟ್ಟಿಯ ಆಕಾರದ್ದಾದರೆ ಒಳಹೊರಗೆಲ್ಲ ಕಾಣುತ್ತದೆ, ತೊಳೆಯಲೂ ಆಗುತ್ತದೆ. ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆ ಚಾಸಿ ಹಾಗಲ್ಲ. ಅದರ ತಳದಲ್ಲಿ ನೀರು ಹೋಗಲು ತೂತುಗಳಿರುತ್ತವೆ. ಕೆಸರು ಸೇರಿ ಆ ತೂತು ಮುಚ್ಚಿಹೋದರೆ ಒಳಗೆ ಒದ್ದೆ ಮಣ್ಣು ತಿಂಗಳುಗಟ್ಟಲೆ ಉಳಿಯುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ, ಒಳಗೆ ತಗಡು ತೆಳ್ಳಗಾಗುತ್ತಾ ಹೋಗುತ್ತದೆ. ನಿಮ್ಮದು ಪೆಟ್ಟಿಗೆ ಚಾಸಿಯಾದರೆ ಮೊದಲ ಕೆಲಸ ಇದು: ಪ್ರತಿ ತೂತಿಗೂ ಗಟ್ಟಿ ತಂತಿ ಹಾಕಿ ಕೆದಕಿ, ಏನು ಉದುರುತ್ತದೆ ನೋಡಿ. ಒಣ ಧೂಳಾದರೆ ಪರವಾಗಿಲ್ಲ. ಒದ್ದೆ ಮಣ್ಣಿನ ಜೊತೆ ಕಂದು ಚಕ್ಕೆಗಳು ಬಂದರೆ ಒಳಗೆ ಕ್ಯಾಮೆರಾ ಇಳಿಸಲೇಬೇಕು. ಫೋನಿಗೆ ಜೋಡಿಸುವ ಎಂಡೋಸ್ಕೋಪ್ ಕ್ಯಾಮೆರಾ ಆ ತೂತಿನಲ್ಲಿ ಹಿಡಿಸುತ್ತದೆ. ಈ ಇಡೀ ಕೆಲಸಕ್ಕೆ ಒಂದೇ ಒಂದು ಹೊಸ ಸಾಮಾನು ಕೊಳ್ಳುವುದಾದರೆ ನಾನು ಅದನ್ನೇ ಕೊಳ್ಳಲು ಹೇಳುತ್ತೇನೆ.

ಸುತ್ತಿಗೆ ಮತ್ತು ಸ್ಕ್ರೂಡ್ರೈವರ್ ಪರೀಕ್ಷೆ

ಸಣ್ಣ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಠಣ್ ಎನ್ನುತ್ತದೆ. ತುಕ್ಕು ತಿಂದದ್ದು ದಪ್ ಎನ್ನುತ್ತದೆ, ಇಲ್ಲವೇ ಒಳಗೆ ಚಕ್ಕೆ ಸುರಿಯುವ ಸದ್ದು ಕೇಳಿಸುತ್ತದೆ. ಸದ್ದು ಬದಲಾದ ಕಡೆ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಅಲ್ಲಿ ಸ್ಕ್ರೂಡ್ರೈವರ್ ತುದಿಯನ್ನು ಜೋರಾಗಿ ಒತ್ತಿ. ತಗ್ಗು ಬಿದ್ದರೆ ಅಥವಾ ತೂತಾದರೆ ಅದು ಬಣ್ಣದಿಂದ ಸರಿಹೋಗುವ ಜಾಗ ಅಲ್ಲ.

ಗಾಡಿ ಹಳೆಯದಾದಷ್ಟೂ ಹಿಂದಿನವರು ಪುಟ್ಟಿ ಮೆತ್ತಿ ಮುಚ್ಚಿರುವ ಸಂಭವ ಜಾಸ್ತಿ. ಅಯಸ್ಕಾಂತ ಓಡಿಸಿ ನೋಡಿ. ಹಿಡಿತ ಇದ್ದಕ್ಕಿದ್ದಂತೆ ಸಡಿಲವಾದರೆ ಅಲ್ಲಿ ಪುಟ್ಟಿಯೋ ಫೈಬರ್ ಗ್ಲಾಸೋ ಇದೆ. ಟಾರಿನಂಥ ದಪ್ಪ ಲೇಪ ಇದ್ದರೂ ಹೀಗೇ ಆಗುತ್ತದೆ. ಅದನ್ನು ಕೆರೆದು ಕೆಳಗೆ ತಗಡು ಕಾಣುವ ತನಕ ನಂಬಬೇಡಿ. ಒಳ್ಳೆಯ ತೀರ್ಮಾನ ಬೇಕೆಂದರೆ ಅಲ್ಟ್ರಾಸಾನಿಕ್ ಮೀಟರ್‌ನಲ್ಲಿ ದಪ್ಪ ಅಳೆಯಬಹುದು. ಅದೇ ಚಾಸಿಯ ಚೆನ್ನಾಗಿರುವ ಜಾಗದ ಅಳತೆಗೆ ಹೋಲಿಸಿದರೆ ಎಷ್ಟು ಸವೆದಿದೆ ಎಂದು ಗೊತ್ತಾಗುತ್ತದೆ. ಅಳೆಯುವ ಕಡೆ ಲೇಪ ತೆಗೆದಿರಬೇಕು.

ಮರಳಿ ಬಂದ ತುಕ್ಕಿನ ಲಕ್ಷಣ, ಅದರ ಕಾರಣ

ಒಮ್ಮೆ ರಿಪೇರಿ ಮಾಡಿಸಿದ ಮೇಲೂ ತುಕ್ಕು ಬಂದಿದ್ದರೆ ಅದು ಯಾವ ರೂಪದಲ್ಲಿ ಬಂದಿದೆ ಎಂದು ಗಮನಿಸಿ. ರೂಪ ನೋಡಿಯೇ ಕಾರಣವನ್ನು ಬಹುಮಟ್ಟಿಗೆ ಹೇಳಬಹುದು.

ಅಗಲವಾದ ಮೇಲ್ಮೈಯಲ್ಲಿ ಸಣ್ಣ ಚುಕ್ಕಿಗಳು ಚದುರಿದಂತೆ ಎದ್ದಿವೆಯೇ? ತಗಡಿನ ಗುಳಿಗಳ ತಳದಲ್ಲಿ ತುಕ್ಕೂ ಉಪ್ಪೂ ಉಳಿದಿತ್ತು. ಬ್ರಷ್ ಮೇಲಿನದನ್ನು ಮಾತ್ರ ತೆಗೆದಿದೆ.

ಅಂಚು, ಬೆಸುಗೆಯ ಗೆರೆ, ಬೋಲ್ಟ್ ತಲೆ, ಇಷ್ಟರಲ್ಲೇ ಬಂದಿದೆಯೇ? ಒದ್ದೆ ಬಣ್ಣ ಚೂಪು ಅಂಚಿನಿಂದ ಹಿಂದಕ್ಕೆ ಸರಿಯುತ್ತದೆ. ಅಲ್ಲಿ ಪದರ ತೀರ ತೆಳ್ಳಗಾಗಿರುತ್ತದೆ.

ಬಣ್ಣ ಹಾಳೆಯಂತೆ ಸುಲಿದು ಬರುತ್ತಿದೆಯೇ? ಸುಲಿದ ಹಾಳೆಯ ಹಿಂಬದಿ ನೋಡಿ. ಕಂದು ಪುಡಿ ಅಂಟಿದ್ದರೆ ಸಡಿಲ ತುಕ್ಕಿನ ಮೇಲೇ ಬಳಿದಿದ್ದಾರೆ. ಹಿಂಬದಿ ಚೊಕ್ಕವಾಗಿದ್ದು ಕೆಳಗಿನ ತಗಡು ಹೊಳೆಯುತ್ತಿದ್ದರೆ ಎಣ್ಣೆ ಜಿಡ್ಡು ಉಳಿದಿತ್ತು, ಇಲ್ಲವೇ ತಗಡು ತೀರ ನುಣುಪಾಗಿತ್ತು. ಎರಡು ಪದರಗಳ ನಡುವೆಯೇ ಬಿಟ್ಟುಕೊಂಡಿದ್ದರೆ ಮೊದಲ ಪದರ ಪೂರ್ತಿ ಗಟ್ಟಿಯಾದ ಮೇಲೆ ಉಜ್ಜದೆ ಎರಡನೆಯದನ್ನು ಬಳಿದಿದ್ದಾರೆ.

ಗುಳ್ಳೆ ಎದ್ದಿದೆಯೇ? ಸೂಜಿಯಿಂದ ಚುಚ್ಚಿ. ನೀರು ಬಂದರೆ ಕೆಳಗೆ ಉಪ್ಪು ಉಳಿದಿದೆ. ಅದು ಬಣ್ಣದ ಮೂಲಕವೇ ತೇವ ಎಳೆದುಕೊಳ್ಳುತ್ತಿದೆ. ಬಳಿಯುವ ಮೊದಲು ಬಿಸಿನೀರಿನಲ್ಲಿ ತೊಳೆದಿದ್ದು ಸಾಲಲಿಲ್ಲ ಎಂದರ್ಥ.

ಬೆಸುಗೆಯ ಸಂದಿನಿಂದ, ನೀರು ಹೋಗುವ ತೂತಿನಿಂದ ಕಂದು ನೀರು ಸೋರಿ ಗೆರೆ ಬಿದ್ದಿದೆಯೇ? ತುಕ್ಕು ಒಳಗಿನಿಂದ ಬರುತ್ತಿದೆ. ಹೊರಗೆ ಏನು ಬಳಿದರೂ ಪ್ರಯೋಜನವಿಲ್ಲ. ಎಲ್ಲ ಲಕ್ಷಣಗಳಲ್ಲೂ ಹೆಚ್ಚು ಗಂಭೀರವಾದದ್ದು ಇದೇ, ಜನ ಅತಿ ಹೆಚ್ಚು ಕಡೆಗಣಿಸುವುದೂ ಇದನ್ನೇ.

ಅಲ್ಯೂಮಿನಿಯಂ ಮತ್ತು ಉಕ್ಕು ಕೂಡುವ ಕಡೆ ಬಿಳಿ ಪುಡಿ ಕಾಣುತ್ತಿದೆಯೇ? ಹಳೆಯ ಲ್ಯಾಂಡ್ ರೋವರ್‌ಗಳಲ್ಲಿ ಉಕ್ಕಿನ ಚಾಸಿಯ ಮೇಲೆ ಅಲ್ಯೂಮಿನಿಯಂ ಮಿಶ್ರಲೋಹದ ಬಾಡಿ ತಗಡು ಕೂರಿಸಿರುತ್ತಾರೆ. ಎರಡು ಲೋಹಗಳ ನಡುವೆ ನೀರು ನಿಂತರೆ ಸಣ್ಣ ಬ್ಯಾಟರಿಯಂತೆ ಕೆಲಸ ಮಾಡಿ ಅಲ್ಯೂಮಿನಿಯಂ ಕರಗುತ್ತದೆ. ಎರಡೂ ಬದಿಗೆ ಪ್ರೈಮರ್ (ಬಣ್ಣಕ್ಕೂ ಮೊದಲು ಬಳಿಯುವ ತಳಪದರ), ನಡುವೆ ಸಂದು ಮುಚ್ಚುವ ಸೀಲಂಟ್, ಬೋಲ್ಟ್‌ಗೆ ಪ್ಲಾಸ್ಟಿಕ್ ವಾಷರ್ ಕೊಟ್ಟು ಲೋಹಗಳನ್ನು ಬೇರೆಮಾಡಬೇಕು.

ಕಾಲಿಡುವ ಜಾಗದ ತಳ ಮಾತ್ರ ತುಕ್ಕಾಗಿದೆಯೇ? ನೀರು ಮೇಲಿನಿಂದ ಬರುತ್ತಿರಬಹುದು. ಕಾರ್ಪೆಟ್ ಎತ್ತಿ ಕೈಯಿಂದ ಮುಟ್ಟಿ ನೋಡಿ. ಒದ್ದೆ ಜಿಗುಟಾಗಿದ್ದು ಸಿಹಿ ವಾಸನೆ ಬಂದರೆ ಅದು ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲಂಟ್, ಹೀಟರ್ ಸೋರುತ್ತಿದೆ. ಬರೀ ನೀರಾದರೆ ಮುಂದಿನ ಗಾಜಿನ ರಬ್ಬರ್, ಬಾಗಿಲಿನ ರಬ್ಬರ್, ಎಸಿ ನೀರಿನ ಪೈಪ್ ಇವನ್ನು ನೋಡಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ. ಕೆಳಗಿನಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲ ಕಡೆ ಹರಿದು ಯಾವ ಸಂದಿನಿಂದ ಬಂತು ಎಂದು ತಿಳಿಯುವುದಿಲ್ಲ.

ಕತ್ತರಿಸಬೇಕೋ, ಉಳಿಸಬಹುದೋ

ಸಸ್ಪೆನ್ಷನ್, ಸ್ಟೀರಿಂಗ್ ಬಾಕ್ಸ್, ಸ್ಪ್ರಿಂಗ್ ಹ್ಯಾಂಗರ್, ಸೀಟ್ ಬೆಲ್ಟ್ ಕಟ್ಟುವ ಜಾಗ. ಇವುಗಳ ಹತ್ತಿರ ತೂತು ಬಿದ್ದಿದ್ದರೆ ಕೊಳೆತದ್ದನ್ನು ಗಟ್ಟಿ ಲೋಹ ಸಿಗುವ ತನಕ ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಪುಟ್ಟಿ, ಫೈಬರ್, ತುಕ್ಕು ಮಾರ್ಪಡಿಸುವ ದ್ರಾವಣ ಯಾವುದೂ ಅಲ್ಲಿ ಶಕ್ತಿ ಕೊಡುವುದಿಲ್ಲ. ಚಾಸಿಯ ಬೆಸುಗೆ ಪಳಗಿದವರ ಕೆಲಸ. ಮಾಡಿಸುವಾಗ ಒಂದು ವಿಷಯ ಗಮನಿಸಿ. ತೇಪೆಯ ಅಂಚು ಚಾಸಿಗೆ ಅಡ್ಡಲಾಗಿ ನೇರ ಗೆರೆಯಂತೆ ಬರಬಾರದು. ಒತ್ತಡ ಆ ಗೆರೆಯಲ್ಲೇ ಸೇರಿ ಬಿರುಕು ಬಿಡುತ್ತದೆ. ವಜ್ರದ ಆಕಾರದ, ಓರೆ ಅಂಚಿನ ತೇಪೆ ಒಳ್ಳೆಯದು.

ತುಕ್ಕು ತಡೆಯಲು ಪೆಟ್ಟಿಗೆಯೊಳಗೆ ಹಾಕುವ ವ್ಯಾಕ್ಸ್, ಎಣ್ಣೆ ಬೆಸುಗೆ ಎಲ್ಲ ಮುಗಿದ ಮೇಲೇ. ಈ ಕ್ರಮ ತಪ್ಪಿದರೆ ಪೆಟ್ಟಿಗೆಯೊಳಗೆ ಬೆಂಕಿ ಹತ್ತಬಹುದು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿದ ತಗಡನ್ನು ಬೆಸೆಯಲು ಬಿಡಬೇಡಿ. ಬಿಸಿಗೆ ಫಾಸ್‌ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ತೆಗೆಯುವ ಕೆಲಸ

ಮೊದಲು ತೊಳೆಯಿರಿ. ಹೊರಗಷ್ಟೇ ಅಲ್ಲ, ಪೆಟ್ಟಿಗೆಯ ತೂತುಗಳಿಂದ ಒಳಗೂ ನೀರು ಹಾಯಿಸಿ, ಹೊರಬರುವ ನೀರು ತಿಳಿಯಾಗುವ ತನಕ. ಆಮೇಲೆ ಜಿಡ್ಡು ತೆಗೆಯುವ ದ್ರಾವಣ, ಮತ್ತೆ ನೀರು. ನಂತರ ಒಣಗಲು ಬಿಡಿ. ಇಲ್ಲಿ ಅವಸರ ಬೇಡ. ಹೊರಗೆ ಒಂದೇ ಗಂಟೆಯಲ್ಲಿ ಒಣಗಿದಂತೆ ಕಂಡರೂ ಸಂದುಗಳಲ್ಲಿ ದಿನಗಟ್ಟಲೆ ತೇವ ಇರುತ್ತದೆ. ತೂತುಗಳಿಂದ ಬ್ಲೋವರ್ ಗಾಳಿ ಬಿಟ್ಟರೆ ಬೇಗ ಆರುತ್ತದೆ.

ದಪ್ಪ ಚಕ್ಕೆಗೆ ನೇರವಾಗಿ ತಂತಿ ಬ್ರಷ್ ಹಿಡಿಯಬೇಡಿ. ಮೊದಲು ಸುತ್ತಿಗೆ, ಉಳಿ, ಸಿಕ್ಕರೆ ನೀಡಲ್ ಸ್ಕೇಲರ್ (ಉಕ್ಕಿನ ಕಡ್ಡಿಗಳ ಗೊಂಚಲಿನಿಂದ ಬಡಿದು ಚಕ್ಕೆ ಉದುರಿಸುವ ಯಂತ್ರ). ಚಕ್ಕೆ ಉದುರಿದ ಮೇಲೆ ಬ್ರಷ್. ತಂತಿ ಬ್ರಷ್ ಒಂದು ಮೋಸ ಮಾಡುತ್ತದೆ, ಅದು ತುಕ್ಕನ್ನು ತೆಗೆಯುವ ಬದಲು ತಿಕ್ಕಿ ಹೊಳಪು ಬರಿಸುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಬೆಳ್ಳಗೆ ಕಂಡರೆ ಕಬ್ಬಿಣ. ಹೊಳೆಯುವ ಕಡುಕಂದು ಕಂಡರೆ ಅದು ಇನ್ನೂ ತುಕ್ಕೇ. ಅಂಥ ಕಡೆ ಗ್ರೈಂಡರ್‌ಗೆ ಹಾಕುವ ಒರಟು ಸ್ಟ್ರಿಪ್ ಡಿಸ್ಕ್ ಬೇಕು, ಗುಳಿ ಜಾಸ್ತಿ ಇದ್ದರೆ ಬ್ಲಾಸ್ಟಿಂಗ್, ಅಂದರೆ ಗಾಳಿಯ ಒತ್ತಡದಲ್ಲಿ ಒರಟು ಪುಡಿ ಎರಚಿ ತುಕ್ಕು ತೆಗೆಯುವುದು. ಗುಳಿಯ ತಳ ಮುಟ್ಟುವುದು ಬ್ಲಾಸ್ಟಿಂಗ್ ಒಂದೇ. ಆದರೆ ಸಾಮಾನ್ಯ ಮರಳು ಬಳಸಬಾರದು. ಅದರ ಸಿಲಿಕಾ ಧೂಳು ಶ್ವಾಸಕೋಶ ಹಾಳುಮಾಡುತ್ತದೆ. ಗಾರ್ನೆಟ್‌ನಂಥ ಪುಡಿ ಬಳಸಿ, ಪೆಟ್ಟಿಗೆಯ ತೂತುಗಳನ್ನು ಮೊದಲೇ ಮುಚ್ಚಿಡಿ. ಒಳಗೆ ಸೇರಿದ ಪುಡಿ ತೇವ ಹಿಡಿದು ಕೂರುತ್ತದೆ.

ಬ್ರೇಕ್ ಪೈಪಿನ ಹತ್ತಿರ ಕೈ ನಿಧಾನವಾಗಲಿ. ಉಕ್ಕಿನ ಪೈಪುಗಳು ಕ್ಲಿಪ್ ಹಿಡಿದ ಜಾಗದಲ್ಲೇ ಕೊಳೆಯುತ್ತವೆ. ಗುಳಿಬಿದ್ದ ಪೈಪಿಗೆ ಬಣ್ಣ ಬಳಿದು ಸಮಾಧಾನ ಪಡಬೇಡಿ, ಬದಲಾಯಿಸಿ. ತಾಮ್ರ ಮತ್ತು ನಿಕ್ಕಲ್ ಮಿಶ್ರಲೋಹದ ಪೈಪ್ ತುಕ್ಕು ಹಿಡಿಯುವುದಿಲ್ಲ, ಬಗ್ಗಿಸಲೂ ಸುಲಭ. ಇಂಧನದ ಪೈಪಿಗೂ ಇದೇ ಎಚ್ಚರ ಬೇಕು.

ತುಕ್ಕು ಮಾರ್ಪಡಿಸುವ ದ್ರಾವಣ

ಇವು ಮುಖ್ಯವಾಗಿ ಎರಡು ಬಗೆ. ಫಾಸ್ಫರಿಕ್ ಆಮ್ಲದ್ದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿಸುತ್ತದೆ. ಟ್ಯಾನಿಕ್ ಆಮ್ಲದ್ದು ಕಪ್ಪು ಟ್ಯಾನೇಟ್ ಆಗಿಸುತ್ತದೆ. ಎರಡೂ ತೆಳ್ಳಗೆ, ಗಟ್ಟಿಯಾಗಿ ಕೂತ ತುಕ್ಕಿನ ಮೇಲೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ಚಕ್ಕೆಯ ಮೇಲೆ ಹಾಕಿದರೆ ಮೇಲಿನ ಪದರ ಕಪ್ಪಾಗುತ್ತದೆ, ಕೆಳಗಿನದು ಹಾಗೇ ಉಳಿಯುತ್ತದೆ. ಹೊಳೆಯುವ ಕಬ್ಬಿಣದ ಮೇಲೆ ಟ್ಯಾನಿಕ್ ದ್ರಾವಣಕ್ಕೆ ಮಾರ್ಪಡಿಸಲು ಏನೂ ಇರುವುದಿಲ್ಲ. ಹಾಗಾಗಿ ಚೆನ್ನಾಗಿ ಬ್ಲಾಸ್ಟ್ ಮಾಡಿದ ತಗಡಿಗೆ ಇವು ಬೇಡ, ನೇರ ಎಪಾಕ್ಸಿ ಪ್ರೈಮರ್ (ಗಟ್ಟಿಯಾಗಿ ಅಂಟುವ ರಾಳದ ತಳಪದರ) ಹಾಕಿ. ಆಮ್ಲ ಉಳಿದ ಮೇಲ್ಮೈಗೆ ಎಪಾಕ್ಸಿ ಸರಿಯಾಗಿ ಅಂಟುವುದಿಲ್ಲ. ತೊಳೆಯಬೇಕೋ ಬೇಡವೋ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಅದನ್ನು ಅಕ್ಷರಶಃ ಪಾಲಿಸಿ. ಹೈ ಟೆನ್ಸೈಲ್ (ಹೆಚ್ಚು ಎಳೆತ ತಾಳುವ ಉಕ್ಕಿನ) ಬೋಲ್ಟ್, ಸ್ಪ್ರಿಂಗ್‌ಗಳನ್ನು ಆಮ್ಲದಲ್ಲಿ ನೆನೆಸಬೇಡಿ. ಹೈಡ್ರೋಜನ್ ಒಳಸೇರಿ ಅವು ಪೆಡಸಾಗುತ್ತವೆ, ಭಾರ ಬಿದ್ದಾಗ ಪಟ್ಟನೆ ಮುರಿಯಬಹುದು.

ಹೊರಗೆ ಗಟ್ಟಿ ಪದರ

ಬಳಿಯುವ ದಿನದ ಹವೆ ಮುಖ್ಯ. ತಗಡಿನ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು, ಗಾಳಿಯ ತೇವ ಶೇ. 85ಕ್ಕಿಂತ ಕಡಿಮೆ ಇರಬೇಕು. ಉಕ್ಕಿಗೆ ಬಣ್ಣ ಹಾಕುವವರು ಸಾಮಾನ್ಯವಾಗಿ ಪಾಲಿಸುವ ನಿಯಮ ಇದು. ಮುಂಜಾನೆ ತಣ್ಣಗಿರುವ ಚಾಸಿಯ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಇರುತ್ತದೆ. ಬಿಸಿಲು ಏರುವ ತನಕ ಕಾಯಿರಿ.

ಎರಡು ಭಾಗ ಬೆರೆಸುವ ಎಪಾಕ್ಸಿ ಪ್ರೈಮರ್ ನನ್ನ ಮೊದಲ ಆಯ್ಕೆ. ಮೊದಲು ಅಂಚು, ಬೆಸುಗೆ ಗೆರೆ, ಬೋಲ್ಟ್ ತಲೆಗಳಿಗೆ ಕೈ ಬ್ರಷ್‌ನಲ್ಲಿ ಒಂದು ಪದರ ಕೊಡಿ. ಆಮೇಲೆ ಇಡೀ ಮೇಲ್ಮೈಗೆ ಎರಡು ಪದರ. ಎರಡು ಪದರಕ್ಕೂ ಬೇರೆ ಬೇರೆ ಬಣ್ಣ ಇಟ್ಟುಕೊಂಡರೆ ಬಿಟ್ಟುಹೋದ ಜಾಗ ತಟ್ಟನೆ ಕಾಣುತ್ತದೆ. ಸತು ತುಂಬಿದ ಪ್ರೈಮರ್ ಬೇಕಿದ್ದರೆ ಅದು ಬರೀ ಉಕ್ಕನ್ನೇ ಮುಟ್ಟಬೇಕು. ಸತು ತಾನು ಸವೆದು ಕಬ್ಬಿಣವನ್ನು ಉಳಿಸುವುದು ಆ ಮುಟ್ಟುವಿಕೆಯಿಂದಲೇ. ತುಕ್ಕಿನ ಮೇಲೋ ಮಾರ್ಪಡಿಸಿದ ಪದರದ ಮೇಲೋ ಬಳಿದರೆ ಅದು ದುಬಾರಿ ಬೂದುಬಣ್ಣ ಅಷ್ಟೆ. ಗಾಳಿಯ ತೇವದಿಂದಲೇ ಗಟ್ಟಿಯಾಗುವ ಯುರೆಥೇನ್ ಲೇಪಗಳೂ ಚೆನ್ನಾಗಿ ಹಿಡಿಯುತ್ತವೆ. ಅವುಗಳಲ್ಲಿ ಹಲವು ಬಿಸಿಲು ತಾಗಿದರೆ ಕೆಡುತ್ತವೆ, ಮೇಲೆ ಇನ್ನೊಂದು ಬಣ್ಣ ಬೇಕು. ಇಂಥ ಯುರೆಥೇನ್‌ಗಳಲ್ಲಿರುವ, ಉಸಿರಾಟಕ್ಕೆ ಅಪಾಯಕಾರಿಯಾದ ಐಸೋಸಯನೇಟ್ ಇರುವ ಬಣ್ಣವನ್ನು ಸ್ಪ್ರೇ ಮಾಡಲು ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್ ಬೇಕು. ಅದಿಲ್ಲದವರು ಇದನ್ನು ಸ್ಪ್ರೇ ಮಾಡಲೇಬಾರದು.

ಸಂದಿನ ಸೀಲರ್ ಪ್ರೈಮರ್ ಆದ ಮೇಲೆ, ಬರಿ ತಗಡಿಗೆ ಅಲ್ಲ. ಒಂದರ ಮೇಲೊಂದು ಕೂತ ತಗಡುಗಳಲ್ಲಿ ನೀರು ಬರುವ ಮೇಲಂಚನ್ನು ಮುಚ್ಚಿ, ಸೋರಿ ಹೋಗುವ ಕೆಳಂಚನ್ನು ತೆರೆದಿಡಿ. ಟಾರಿನಂಥ, ರಬ್ಬರಿನಂಥ ದಪ್ಪ ಲೇಪ ಹಳೆಯ ಚಾಸಿಗೆ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಕಲ್ಲು ಬಡಿದು ಬಿರುಕು ಬಿಟ್ಟರೆ ನೀರು ಒಳಸೇರುತ್ತದೆ, ಹೊರಗೆ ಬರುವುದಿಲ್ಲ. ಕೆಳಗೆ ಏನಾಗುತ್ತಿದೆ ಎಂದು ಕಾಣುವುದೂ ಇಲ್ಲ. ಎಪಾಕ್ಸಿಯ ಮೇಲೆ ಪಾರದರ್ಶಕ ವ್ಯಾಕ್ಸ್ ಹಾಕಿದರೆ ತುಕ್ಕು ಶುರುವಾದ ದಿನವೇ ಕಣ್ಣಿಗೆ ಬೀಳುತ್ತದೆ.

ಒಳಗೆ ಮೆತ್ತನೆಯ ಪದರ

ಪೆಟ್ಟಿಗೆಯೊಳಗೆ ಉಜ್ಜಲು ಆಗುವುದಿಲ್ಲ, ಆದ್ದರಿಂದ ಗಟ್ಟಿ ಬಣ್ಣ ಅಲ್ಲಿ ನಿಲ್ಲುವುದಿಲ್ಲ. ಅಲ್ಲಿಗೆ ಬೇಕಾದದ್ದು ಸಂದುಗಳಿಗೆ ತಾನೇ ಹರಿದು ಹೋಗಿ, ಒಣಗಿದ ಮೇಲೂ ಮೆತ್ತಗೆ ಉಳಿಯುವ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಜಾಗಗಳಿಗೆ ಹಾಕುವ ಮೇಣ) ಅಥವಾ ಕುರಿಯ ಉಣ್ಣೆಯ ಜಿಡ್ಡಾದ ಲ್ಯಾನೋಲಿನ್ ಲೇಪ. ಡಬ್ಬಿಯನ್ನು ಬಿಸಿನೀರಿನ ಬಕೆಟ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ವ್ಯಾಕ್ಸ್ ಚೆನ್ನಾಗಿ ಹರಡುತ್ತದೆ. ಬೆಂಕಿಯ ಹತ್ತಿರ ಒಯ್ಯಬೇಡಿ. ಸುತ್ತಲೂ ಚಿಮ್ಮುವ ತುದಿಯ ಉದ್ದ ನಳಿಕೆಯನ್ನು ತೂತಿನಿಂದ ಕೊನೆಯ ತನಕ ತೂರಿಸಿ, ಸ್ಪ್ರೇ ಒತ್ತಿಕೊಂಡು ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಮುಂದಿನ ತೂತಿನಿಂದ ಶುರುಮಾಡುವಾಗ ಹಿಂದಿನದರ ಮೇಲೆ ಸ್ವಲ್ಪ ಹಾಯುವಂತಿರಲಿ. ಕೆಳಗಿನ ತೂತುಗಳಿಂದ ವ್ಯಾಕ್ಸ್ ತೊಟ್ಟಿಕ್ಕಿದರೆ ಸಾಕಷ್ಟು ಹೋಗಿದೆ ಎಂದರ್ಥ. ಆಮೇಲೆ ಅದೇ ತೂತುಗಳಿಗೆ ತಂತಿ ಹಾಕಿ ಬಿಡಿಸಿ. ವ್ಯಾಕ್ಸೇ ತೂತು ಮುಚ್ಚಿಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ, ಅಲ್ವಾ?

ಸೈಲೆನ್ಸರ್, ಬ್ರೇಕ್ ಡಿಸ್ಕ್ ಮತ್ತು ಪ್ಯಾಡ್, ಬೆಲ್ಟ್ ಇವುಗಳಿಗೆ ತಾಗದಂತೆ ಮುಚ್ಚಿಕೊಳ್ಳಿ. ಖನಿಜ ಎಣ್ಣೆಯ ಲೇಪ ಸಸ್ಪೆನ್ಷನ್ ಕೀಲುಗಳಲ್ಲಿ ಕೂರುವ ಸಹಜ ರಬ್ಬರಿನ ಬುಷ್‌ಗಳನ್ನು ಉಬ್ಬಿಸುತ್ತದೆ, ಅವನ್ನೂ ಮುಚ್ಚಿ. ಬೆಸುಗೆ ಮಾಡಿಸಿದ ಕಡೆ ಒಳಬದಿಗೆ ಎರಡು ಸಲ ಹಾಕಿ. ಬಿಸಿಗೆ ಅಲ್ಲಿದ್ದ ಹಳೆಯ ಲೇಪ ಸುಟ್ಟುಹೋಗಿರುತ್ತದೆ.

ಆಮೇಲಿನ ನಿಗಾ

ಕೆಸರು, ಹೊಳೆ, ಉಪ್ಪುನೀರು ಹಾಯ್ದು ಬಂದ ದಿನವೇ ಅಡಿಭಾಗ ತೊಳೆಯಿರಿ. ಪ್ರೆಷರ್ ವಾಷರ್ ತುದಿಯನ್ನು ವ್ಯಾಕ್ಸ್ ಬಳಿದ ಮೇಲ್ಮೈಗೆ ತೀರ ಹತ್ತಿರ ಹಿಡಿಯಬೇಡಿ, ಅದು ಕಿತ್ತು ಬರುತ್ತದೆ. ಕಲ್ಲು ಬಡಿದು ಬಣ್ಣ ಹಾರಿದ ಜಾಗಕ್ಕೆ ಅವತ್ತೇ ಸ್ವಲ್ಪ ಉಜ್ಜಿ ಪ್ರೈಮರ್ ಮುಟ್ಟಿಸಿದರೆ ಹತ್ತು ನಿಮಿಷದ ಕೆಲಸ. ಚಕ್ರದ ಹಿಂಬದಿ, ಹಿಂದಿನ ಕ್ರಾಸ್ ಮೆಂಬರ್ ಕಡೆ ವ್ಯಾಕ್ಸ್ ಬೇಗ ಸವೆಯುತ್ತದೆ. ಅಲ್ಲಿ ವರ್ಷಕ್ಕೊಮ್ಮೆ ಮತ್ತೆ ಹಾಕಬೇಕು. ಅದೇ ಹೊತ್ತಿಗೆ ಪೆಟ್ಟಿಗೆಯೊಳಗೆ ಕ್ಯಾಮೆರಾ ಇಳಿಸಿ, ಪ್ರತಿ ಸಲ ಅದೇ ತೂತಿನಿಂದ ಫೋಟೋ ತೆಗೆದಿಡಿ. ಹಿಂದಿನ ಫೋಟೋ ಪಕ್ಕದಲ್ಲಿಟ್ಟು ನೋಡಿದರೆ ತುಕ್ಕು ನಿಂತಿದೆಯೋ ಹರಡುತ್ತಿದೆಯೋ ಎಂದು ತಿಳಿಯುತ್ತದೆ. ಮಳೆಯಲ್ಲಿ ಓಡಿಸಿ ಬಂದ ಮೇಲೆ ಚಾಸಿಯ ತೂತುಗಳ ಕೆಳಗೆ ಹಳೆಯ ರಟ್ಟು ಹಾಸಿ. ಬೆಳಿಗ್ಗೆ ಬಿದ್ದ ಹನಿಗಳ ಕಲೆ ಕಂದಾಗಿದ್ದರೆ ಯಾವ ತೂತಿನ ಕೆಳಗೆ ಎಂದು ಗುರುತು ಹಾಕಿಕೊಂಡು ಮೊದಲು ಅಲ್ಲಿಂದಲೇ ಕ್ಯಾಮೆರಾ ಇಳಿಸಿ. ರಟ್ಟು ಒಣಗಿಯೇ ಇದ್ದರೆ ತೂತಿಗೆ ತಂತಿ ಹಾಕಿ ನೋಡಿ, ಅದು ಮುಚ್ಚಿಹೋಗಿರಲೂಬಹುದು.